ಅಕ್ಕೋರು ಕೇಳಿದ ದೆವ್ವದ ಕತೆ

ಮೊನ್ನೆ ಅಟ್ಟದಿಂದ ಟ್ರಂಕು ಇಳಿಸಿ ಹಳೆಯ ಮಾಸಪತ್ರಿಕೆಗಳನ್ನು ಹರವಿಕೊಂಡು ಕೂತಿದ್ದೆ. ಒಂದು ಸಂಚಿಕೆ ತೆರೆದರೆ ವಿಭೂತಿಯ ವಾಸನೆ. ಮುಖಪುಟದಲ್ಲಿ ಕೋರೆಹಲ್ಲು ಕಿಸಿದ ಹೆಂಗಸು, ಒಳಗೆ ನನ್ನದೇ ಒಂದು ಕತೆ, ವಾಸನೆ ಮಾತ್ರ ದೇವರ ಕೋಣೆಯದು. ಶಹಾಬಾದಿನಲ್ಲಿ ನನಗೆ ಕೋಣೆ ಬಾಡಿಗೆ ಕೊಟ್ಟಿದ್ದ ಅಕ್ಕೋರು ತಮ್ಮ ಪುಸ್ತಕಗಳನ್ನೆಲ್ಲ ದೇವರ ಜಗುಲಿಯ ಕೆಳಗಿನ ಗೂಡಿನಲ್ಲಿ, ವಿಭೂತಿ ಗಟ್ಟಿಗಳ ಪಕ್ಕ ಇಡುತ್ತಿದ್ದರು.

ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಹಾಗಾಗಿ ಇಡೀ ಓಣಿಗೆ ಅಕ್ಕೋರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಚಹಾ ಹಿಡಿದು ಕೂತರೆಂದರೆ ಮಡಿಲಲ್ಲಿ ಕೊಲೆಯದೋ ದೆವ್ವದ್ದೋ ಪುಸ್ತಕ. ವಾಡಿ ಸ್ಟೇಷನ್ನಿನ ಅಂಗಡಿಯಿಂದ ನಾನೇ ತಂದುಕೊಡುತ್ತಿದ್ದೆ. ಎಷ್ಟು ಹೆಣ ಬಿದ್ದವು ಅಕ್ಕೋರೆ ಎಂದು ಕೆಣಕಿದರೆ, "ಎರಡು ಬಿದ್ದಾವ, ಇನ್ನೊಂದು ಬೀಳತದ, ಸುಮ್ಕಿರು" ಎನ್ನುತ್ತಿದ್ದರು.

ನಾನಾಗ ಅಲ್ಲೊಂದು ಕಚೇರಿಯಲ್ಲಿ ಗುಮಾಸ್ತ. ದೆವ್ವದ ಕತೆ ಬರೆಯುವ ಹುಚ್ಚು ಹಿಡಿದಿತ್ತು. ಮೊದಲ ಕತೆ ಓದಿದ ಅಕ್ಕೋರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಬಾಗಲಾ ಕಿರ್ ಅಂತು, ನಾಯಿ ಊಳಿಟ್ಟಿತು, ಲೈಟ್ ಹೋತು. ತಮ್ಮಾ, ಇವು ನಮ್ಮ ಓಣ್ಯಾಗ ದಿನಾ ಆಗತಾವ. ಕರೆಂಟಿನ ಆಫೀಸಿಗಿ ಅರ್ಜಿ ಬರಿ, ಕತಿ ಯಾಕ ಬರೀತಿ?"

ನನಗೆ ಸಿಟ್ಟು ಬಂತು. ಆದರೆ ಅವರು ಬಿಡಲಿಲ್ಲ. ಕೊಲೆಯ ಕತೆ ಎಂದು ಶುರುಮಾಡಿದರೆ ಯಾರು ಮಾಡಿದರೆಂದು ಹೇಳಲೇಬೇಕು, ದೆವ್ವದ ಕತೆ ಎಂದರೆ ಅಂಜಿಸಲೇಬೇಕು, ಅದು ಓದುವವರಿಗೆ ಕೊಟ್ಟ ಮಾತು ಎಂದರು. "ಅದು ಖರೆ. ಆದ್ರ ಸತ್ತಾಕಿ ಹೊಳ್ಳಿ ಯಾಕ ಬಂದ್ಲು? ಆಕಿಗಿ ಏನ್ ಬೇಕಾಗ್ಯಾದ? ಅದು ನಿನಗ ಗೊತ್ತಿಲ್ಲಂದ್ರ, ಪುಸ್ತಕ ಮುಚ್ಚಿದ ಕೂಡ್ಲೇ ಅಂಜಿಕಿ ಹೋಗಿಬಿಡತದ." ಮುಂದೆ ಕಮ್ಮಟಗಳಲ್ಲಿ ಪ್ರಕಾರ, ಆಶಯ ಎಂಬ ದೊಡ್ಡ ಮಾತುಗಳಲ್ಲಿ ನಾನು ಕೇಳಿದ್ದೆಲ್ಲ ಇಷ್ಟೇ. ಅವರು ಅದನ್ನು ಚಹಾ ಆರುವ ಮೊದಲೇ ಹೇಳಿ ಮುಗಿಸಿದ್ದರು.

ಆ ವರ್ಷದ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹೊಲದ ಹಬ್ಬಕ್ಕೆ, ನನ್ನನ್ನೂ ಭಂಕೂರಿನ ಹೊಲಕ್ಕೆ ಕರೆದೊಯ್ದರು. ಹೊಲದ ಅರ್ಧವನ್ನು ಅವರ ತಂದೆ ಹಿಂದೆಯೇ ಫರಸಿ ಕಲ್ಲಿನ ಖಣಿಗೆ ಕೊಟ್ಟಿದ್ದರಂತೆ. ಕಲ್ಲು ತೆಗೆದ ಜಾಗದಲ್ಲಿ ಈಗ ಹಸಿರು ನೀರು ನಿಂತಿತ್ತು. ಉಳಿದರ್ಧದಲ್ಲಿ ಆಳೆತ್ತರದ ಜೋಳ. ಸುಣ್ಣ ಹಚ್ಚಿದ ಐದು ಕಲ್ಲುಗಳಿಗೆ ಪೂಜೆ ಮಾಡಿ, ಭೂಮಿತಾಯಿಗೆಂದು ಹೊಲದ ತುಂಬ ಅನ್ನ, ಕಾಳು-ಸೊಪ್ಪಿನ ಭಜ್ಜಿ ಚೆಲ್ಲುತ್ತ ಚರಗ ಹಾಕಿದೆವು. ಆಮೇಲೆ ಅಕ್ಕೋರು ಒಬ್ಬರೇ ಖಣಿಯ ಅಂಚಿಗೆ ಹೋದರು. ಸೆರಗಿನಿಂದ ಒಂದು ಸಜ್ಜೆ ಕಡುಬು ತೆಗೆದು ನೀರಿಗೆ ಬಿಟ್ಟು, ಅದು ಮುಳುಗುವವರೆಗೂ ನಿಂತರು... ನನ್ನ ಮೈ ಜುಮ್ಮೆಂದಿತು. ಯಾಕೆಂದು ಕೇಳಲಿಲ್ಲ. ಕತೆ ಸಿಕ್ಕಿತೆಂಬ ಖುಷಿಯಲ್ಲಿ ಊಟ ಕೂಡ ಸರಿಯಾಗಿ ಮಾಡಲಿಲ್ಲ.

ಒಂದೇ ವಾರದಲ್ಲಿ ಬರೆದೆ. ಪ್ರತಿ ಅಮಾವಾಸ್ಯೆಗೆ ಖಣಿಯೊಳಗಿನ ದೆವ್ವಕ್ಕೆ ಕಡುಬು ತಿನ್ನಿಸಿ ಸಾಕುವ ಮುದುಕಿ, ಒಂದು ದಿನ ಕಡುಬು ಸಾಲದಾಗಿ ಪಕ್ಕದ ಮನೆಯ ಮಗುವನ್ನೇ ನೂಕುತ್ತಾಳೆ. ಅಚ್ಚಾಯಿತು. ಸಂಚಿಕೆಯನ್ನು ಅಕ್ಕೋರ ಕೈಗಿಟ್ಟು, ಹೊಗಳಿಕೆಗೆ ಕಾದು ನಿಂತ ಮೂರ್ಖ ನಾನು.

ಎಂಟು ದಿನ ಅವರು ಮಾತಾಡಲಿಲ್ಲ. ಚಹಾ ಮಾತ್ರ ತಪ್ಪಲಿಲ್ಲ, ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ಒಂಬತ್ತನೆಯ ದಿನ ಸಂಚಿಕೆಯನ್ನು ಗೂಡಿನಿಂದ ತೆಗೆದು ವಾಪಸು ಕೊಟ್ಟರು.

"ಕತಿ ಓದಿ ನನಗೂ ಅಂಜಿಕಿ ಬಂತು. ಆದ್ರ ಮುದುಕಿ ಕಡಬು ಯಾಕ ಬಿಡತಾಳ ಅಂತ ನೀ ಬರ್ದಿಲ್ಲ."

"ಯಾಕ್ರಿ ಅಕ್ಕೋರೆ?"

"ನನಗ ಒಬ್ಬಾಕಿ ತಂಗಿ ಇದ್ಲು. ಎಂಟು ವರ್ಷದಾಕಿ. ಎಳ್ಳಮಾಸಿ ದಿನ ಆಕಿನ್ನ ನೋಡ್ಕೊ ಅಂತ ನನ್ನ ಕೈಯಾಗ ಕೊಟ್ಟಿದ್ರು. ನಾ ಪುಸ್ತಕ ಓದಲಿಕತ್ತಿದ್ದೆ, ಇಂಥದೇ ದೆವ್ವದ್ದು. ನೀ ಆಡಕೋ ಹೋಗು, ಈ ಪುಟ ಮುಗಿಸಿ ಬರತೀನಿ ಅಂದೆ. ಖಣಿ ನೀರಾಗ ಸಿಕ್ಲು. ಆಕಿ ಕಡಬು ತಿಂದಿರಲಿಲ್ಲ."

ನಾನು ಅವರ ಕಾಲು ಮುಟ್ಟಿದೆ. ಇನ್ನು ಬರೆಯುವುದೇ ಇಲ್ಲ ಎಂದೆ. ಅದಕ್ಕೆ ಅವರು ಗದರಿದರು. "ಬರಿ. ಈಗ ಯಾಕ ಅನ್ನೋದು ಗೊತ್ತಾಗ್ಯಾದಲ್ಲ, ಈಗ ಬರಿ. ದೆವ್ವ ತೆಗೀಬ್ಯಾಡ ಮತ್ತ. ಅಳೋ ಕತಿ ಓದೋಕಿ ಅಲ್ಲ ನಾ."

ಬರೆಯಲು ಎರಡು ವರ್ಷ ಹಿಡಿಯಿತು. ನಡುವೆ ನನಗೆ ಸೇಡಂಗೆ ವರ್ಗವಾಯಿತು. ದೆವ್ವವಾಗಿ ಬರುವ ಹುಡುಗಿಗೆ ಸೇಡಿನ ಆಸೆ ಹಚ್ಚಿದರೆ ಸುಳ್ಳಾಗುತ್ತಿತ್ತು, ಕ್ಷಮಿಸಿದಳೆಂದರೆ ಅದೂ ಸುಳ್ಳೇ. ಕೊನೆಗೊಂದು ಮಧ್ಯಾಹ್ನ ಕತೆಯ ಕಾಗದ ಹಿಡಿದು ಶಹಾಬಾದಿಗೆ ಹೋದಾಗ ಅಕ್ಕೋರು ಹಾಸಿಗೆ ಹಿಡಿದಿದ್ದರು. ಕಣ್ಣು ಮಂಜಾಗಿತ್ತು. ಓದಲು ಹೇಳಿದರು.

ಓದಿದೆ. ಹೊಲದಲ್ಲಿ ಮುದುಕಿ ಪುಸ್ತಕ ಹಿಡಿದು ಕೂತಿದ್ದಾಳೆ. ಒದ್ದೆ ಹೆಜ್ಜೆಯ ಸದ್ದು ಹಿಂದಿನಿಂದ ಹತ್ತಿರ ಬರುತ್ತದೆ. ತಿರುಗಿ ನೋಡುವ ಧೈರ್ಯವಿಲ್ಲ. ತಣ್ಣನೆಯ ಗದ್ದವೊಂದು ಅವಳ ಹೆಗಲ ಮೇಲೆ ಕೂರುತ್ತದೆ, ಪುಟದ ಮೇಲೆ ನೀರು ತೊಟ್ಟಿಕ್ಕುತ್ತದೆ. "ಅಕ್ಕಾ, ಮುಂದೇನಾತು?" ಎನ್ನುತ್ತದೆ ಹುಡುಗಿ.

ಅಕ್ಕೋರು ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡರು. "ಆಕಿ ಹಂಗೇ ಕೇಳತಿದ್ಲು. ಅದು ನಿನಗ ಹೇಳಿದ್ದಿಲ್ಲ ನಾ."

ನಾನು ಕಾಗದ ಕೆಳಗಿಟ್ಟೆ. ಅವರೇ ಕೇಳಿದರು, "ಮುದುಕಿ ಏನ್ ಮಾಡತಾಳ?"

"ಓದಿ ಹೇಳತಾಳ್ರಿ."

"ಅಂಜೋದಿಲ್ಲೇನು?"

"ಅಂಜತಾಳ್ರಿ. ಅಂಜಿಕೊಂತೇ ಓದತಾಳ."

ಅಕ್ಕೋರು ಕೈ ಚಾಚಿ ನನ್ನ ಮುಂಗೈ ಸವರಿದರು. "ಈಗ ಆತು ನೋಡು ದೆವ್ವದ ಕತಿ" ಎಂದರು.

ಆ ವರ್ಷದ ಶ್ರಾವಣ ಮುಗಿಯುವ ಮೊದಲೇ ಅಕ್ಕೋರು ಲಿಂಗೈಕ್ಯರಾದರು. ಸುದ್ದಿ ತಡವಾಗಿ ತಿಳಿಯಿತು, ಮಣ್ಣು ಕೊಡಲೂ ಹೋಗಲಾಗಲಿಲ್ಲ. ಆ ಕತೆಯನ್ನು ನಾನು ಎಲ್ಲಿಗೂ ಕಳಿಸಿಲ್ಲ. ಸಂಪಾದಕರು ಈಗಲೂ ಕೇಳುತ್ತಾರೆ, ಹೊಸ ದೆವ್ವದ ಕತೆ ಇದ್ದರೆ ಕೊಡಿ ಎಂದು. ಬೇರೆ ಯಾವುದನ್ನಾದರೂ ಕೊಡುತ್ತೇನೆ. ಅವು ಓದುಗರನ್ನು ಅಂಜಿಸುತ್ತವೆ, ಪತ್ರಗಳೂ ಬರುತ್ತವೆ. ಆದರೆ ಕತೆ ಮುಗಿಸಿ ಪೆನ್ನು ಇಟ್ಟ ಮೇಲೆ ಅದನ್ನು ಯಾರಿಗೆ ಓದಿ ತೋರಿಸುವುದೆಂದು ತಿಳಿಯದೆ ಸುಮ್ಮನೆ ಕೂತಿರುತ್ತೇನೆ.