ವಖಾರಿಯ ಝಡತಿ ಮತ್ತು ಎಣ್ಣೆಬಟ್ಟಲು

ಬ್ಯಾಡಗಿಯ ನನ್ನ ಮೆಣಸಿನಕಾಯಿ ವಖಾರಿಯನ್ನು ಶೋಧಿಸಲು, ನಮ್ಮ ಮಾತಿನಲ್ಲಿ ಝಡತಿ ಮಾಡಲು, ಪೊಲೀಸರು ಬಂದದ್ದು ನಲವತ್ತೆರಡರ ಚಳವಳಿಯ ಬೆನ್ನಿಗೇ ಬಂದ ಸುಗ್ಗಿಯಲ್ಲಿ. ತಲೆಯ ಮೇಲೆ ಬುಟ್ಟಿ ಹೊತ್ತು ಮೆಣಸಿನಕಾಯಿ ಮಾರುತ್ತ ಮೇಲೆ ಬಂದವನು ನಾನು. ಚಳವಳಿಯ ಗೊಡವೆಗೆ ಹೋದವನಲ್ಲ. ಆದರೆ ಹೆಂಡತಿಯ ಅಣ್ಣ ಭೂಗತನಾಗಿದ್ದ. ಅದಕ್ಕೇ ಅಂಚೆಯಲ್ಲಿ ನನಗೆ ಬರುವ ಕಾಗದಗಳನ್ನು ಯಾರೋ ಒಡೆದು ಓದಿ ಮತ್ತೆ ಅಂಟಿಸುತ್ತಿದ್ದರು. ಅಂಟಿಸುವುದರಲ್ಲೂ ನಾಜೂಕಿಲ್ಲ! ದರದ ಮಾತನ್ನು ಕಾಗದದಲ್ಲಿ ಬರೆಯಬೇಡಿರೆಂದು ವ್ಯಾಪಾರಸ್ಥರಿಗೆಲ್ಲ ಹೇಳಿ ಕಳಿಸಿದೆ.

ಆ ದಿನ ಬೆಳಿಗ್ಗೆ ರಾಣೆಬೆನ್ನೂರಿನಿಂದ ಬಂದ ಗಾಡಿಯವನೊಬ್ಬ ಭಾವನ ಚೀಟಿ ತಂದುಕೊಟ್ಟ. ತಾನು ಯಾರ ಮನೆಯ ಅಟ್ಟದಲ್ಲಿದ್ದೇನೆಂದು ಆ ಜಾಣ ಅದರಲ್ಲಿ ಬರೆದೇಬಿಟ್ಟಿದ್ದ. ಓದಿ ಮಡಚುವಷ್ಟರಲ್ಲಿ ಹೊರಗೆ ಬೂಟಿನ ಸಪ್ಪಳ. ಕಾಯಿಯ ತೊಟ್ಟು ಮುರಿಯುವ ಹೆಂಗಸರಲ್ಲಿ ಹಿರಿಯಳು, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ, ಪಕ್ಕದಲ್ಲೇ ಕುಳಿತಿದ್ದಳು. ಕಣ್ಣೆತ್ತದೆ ನನ್ನ ಕೈಯಿಂದ ಚೀಟಿ ಎಳೆದುಕೊಂಡಳು. ಎಲ್ಲಿಟ್ಟಳೋ ನನಗೇ ಕಾಣಲಿಲ್ಲ.

“ಝಡತಿ ಮಾಡೂದೈತಿ, ಸಾವಕಾರ್ರ,” ಎಂದ ಫೌಜದಾರ.

“ಮಾಡ್ರಿ ಸಾಹೇಬ್ರ. ವಾರಂಟ್ ತಂದೀರೇನ್ರಿ?”

“ನಾನಽ ಬಂದೇನಲ್ಲ, ಮತ್ತ ವಾರಂಟ್ ಯಾಕ?”

ನಾನು ಬೇಡವೆನ್ನಲಿಲ್ಲ. ಬೇಡವೆಂದರೆ ಅವರ ಹಟ ಏರುತ್ತದೆ. ನೀವೂ ಎಂದೂ ಅನ್ನಬೇಡಿ. ಬರೆದು ಕೊಡಿರೆಂದು ಕೇಳಿ.

“ಹಂಗಾರ ಓಣಿಯ ಇಬ್ಬರು ಹಿರಿಯರನ್ನ ಸಾಕ್ಷಿಗೆ ಪಂಚರಂತ ಕರಸ್ತೇನ್ರಿ. ಯಾವ ಚೀಲ ಬಿಚ್ಚಿದ್ರಿ, ಯಾರ ಅಪ್ಪಣಿ ಮ್ಯಾಲೆ ಬಿಚ್ಚಿದ್ರಿ, ಬರದು ಸಹಿ ಮಾಡಿ ಕೊಡ್ರಿ. ಕಾಯಿ ಮುರದು ಬೀಜ ಉದುರಿದ್ರ ರೈತರಿಗೆ ಉತ್ತರ ಹೇಳಾವ ನಾನಲ್ರಿ?”

ಸಹಿ ಎಂದೊಡನೆ ಅವನ ದನಿ ಅರ್ಧಕ್ಕಿಳಿಯಿತು. “ಎಲ್ಲಾ ಯಾಕ, ನಾಕು ಚೀಲ ನೋಡ್ತೇವಿ.”

ಇಳಿಯತೊಡಗಿದ ಗಿರಾಕಿಯನ್ನು ನಾನು ಬಲ್ಲೆ. ಮಾತಾಡಿ ಎರಡಕ್ಕೆ ತಂದೆ.

ಬೇರೆ ಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಪೊಲೀಸನೊಬ್ಬ ಮೊದಲ ಚೀಲಕ್ಕೆ ಮೊಣಕೈವರೆಗೆ ಕೈ ತೂರಿಸಿದ. ಘಾಟಿಗೆ ಸೀನು ಬಂತು; ಅದೇ ಕೈಯಿಂದ ಕಣ್ಣೊರೆಸಿಕೊಂಡ. ನಮ್ಮೂರ ಕೂಸೂ ಮಾಡದ ತಪ್ಪು. ಬೊಬ್ಬೆಯಿಡುತ್ತ ನೀರಿನ ಕೊಡದತ್ತ ಓಡಿದ.

“ನೀರ ಹಾಕಬ್ಯಾಡೋ ತಮ್ಮಾ, ಇನ್ನೂ ಉರೀತೈತಿ!” ಆಯಿ ಹರಳೆಣ್ಣೆಯ ಬಟ್ಟಲನ್ನು ಅಂಗೈಮೇಲಿಟ್ಟು ನೀಡಿದಳು. ಕೈ ಉರಿಯದಿರಲೆಂದು ತೊಟ್ಟು ಮುರಿಯುವವರೆಲ್ಲ ಅಂಥದೊಂದನ್ನು ಬಳಿಯಲ್ಲಿಟ್ಟುಕೊಳ್ಳುತ್ತಾರೆ. “ಬ್ಯಾಡಗಿ ಕಾಯಿ ಬರೇ ಬಣ್ಣ, ಖಾರಿಲ್ಲ ಅಂತ ನಂಬಿ ಬಂದ್ಯೇನಪಾ?”

ಹೆಂಗಸರೆಲ್ಲ ನಕ್ಕರು. ಅವನು ಬೆರಳದ್ದಿ ರೆಪ್ಪೆಗೆ ಸವರಿಕೊಂಡ. ಅಷ್ಟರಲ್ಲಿ ಫೌಜದಾರನಿಗೂ ಸೀನು ಹತ್ತಿತು. ಎರಡನೆಯ ಚೀಲ ಬಿಚ್ಚಲೇ ಇಲ್ಲ.

ಅವರು ಹೋದ ಮೇಲೆ ಆಯಿ ಬಟ್ಟಲು ಕೆಳಗಿಟ್ಟು ಅಂಗೈ ತೋರಿಸಿದಳು. ಚೀಟಿ ಎಣ್ಣೆಯಲ್ಲಿ ನೆನೆದು ಅಲ್ಲಿಯೇ ಅಂಟಿಕೊಂಡಿತ್ತು. ವಖಾರಿಯ ಹಿಂದಿನ ಮನೆಯಿಂದ ಓಡಿಬಂದ ಹೆಂಡತಿ ಅದನ್ನು ಒಯ್ದು ಒಲೆಗೆ ಹಾಕಿದಳು, ಚೆನ್ನಾಗಿ ಉರಿಯಿತು.

“ಆಯೀ, ಏನ್ ಬೇಕು ಕೇಳು,” ಎಂದೆ.

“ಬಾಗಲ ಬಾಜೂ ಗಾಳಿ ಬರೂ ಜಾಗಾ. ನಾ ಇರೂತನಕ.”

“ಅಲ್ಲಿ ನನ್ನ ಗಾದಿ ಐತಲ್ಲ. ಕಿಡಕಿ ಹಂತ್ಯಾಕ ಕುಂದ್ರು.”

“ಹಂಗಾರ ಆ ಫೌಜದಾರನ್ನ ತಿರುಗಿ ಕರೀಲೇನು, ಸಾವಕಾರ?”

ಗಾದಿಯನ್ನು ಒಳಗೆ ಸರಿಸಿದೆ. ಮುಂದೊಂದು ದಿನ ಭಾವ ಸುಖವಾಗಿ ಮನೆಗೆ ಬಂದು ಹೊಟ್ಟೆ ತುಂಬ ಉಂಡು ವಖಾರಿ ನೋಡಲು ಬಂದಾಗಲೂ ನಾನು ಒಳಗೆ ಕುಳಿತು ಸೀನುತ್ತಿದ್ದೆ. ಬಾಗಿಲಲ್ಲಿ ಆಯಿ, ಗಾಳಿಗೆ ಸೆರಗು ಬಿಟ್ಟು, ಆರಾಮವಾಗಿ ತೊಟ್ಟು ಮುರಿಯುತ್ತಿದ್ದಳು.