ದಾರಂದದ ಬುಡದ ಸ್ಪೀಕರ್

ನಮ್ಮ ಕಡೆ ಆಂಪ್ಲಿಫೈಯರ್ ನೋಡಲು ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಬೇಸ್ ಹ್ಯಾಂಗಿತ್?" ಹಾಡಿನ ಸಾಹಿತ್ಯ ತಿಳಿಯುತ್ತದೋ, ಮಾತು ಬಿಡಿಸಿ ಕೇಳುತ್ತದೋ ಎಂದು ಯಾರೂ ವಿಚಾರಿಸುವುದಿಲ್ಲ. ಸಬ್‌ವೂಫರ್ ಗುದ್ದಿದ ಏಟಿಗೆ ಶೋಕೇಸಿನ ಗಾಜು ನಡುಗಿದರೆ ಪಾಸು, ಇಲ್ಲದಿದ್ದರೆ ಫೇಲು. ನಾನೂ ಹದಿನೈದು ವರ್ಷ ಈ ಪರೀಕ್ಷೆಯಲ್ಲಿ ಪಾಸಾಗುತ್ತಲೇ ಬಂದವನು. ಬೈಂದೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಹೊಟ್ಟೆಪಾಡು ಅದು, ಚಟ ಇದು.

ಆಂಪ್ಲಿಫೈಯರ್ ಕಟ್ಟುವುದೆಂದರೆ ಅಂಥ ಮಹಾವಿದ್ಯೆ ಏನಲ್ಲ. ಬೋರ್ಡುಗಳೆಲ್ಲ ಈಗ ರೆಡಿಮೇಡ್ ಸಿಗುತ್ತವೆ. ಕರೆಂಟನ್ನು ಹದ ಮಾಡಿ ಕೊಡಲು ಒಂದು, ಟಿವಿಯ ಶಬ್ದವನ್ನು ಆರು ಪಾಲು ಮಾಡಲು ಒಂದು, ಆ ಪಾಲುಗಳಿಗೆ ಶಕ್ತಿ ತುಂಬಲು ಇನ್ನಷ್ಟು. ಎಲ್ಲವೂ ಕೊರಿಯರಿನಲ್ಲಿ ಮನೆಗೇ ಬರುತ್ತವೆ. ಟ್ರಾನ್ಸ್‌ಫಾರ್ಮರ್ ಒಂದನ್ನು ಮಾತ್ರ ಬ್ರಹ್ಮಾವರದ ಹಿರಿಯರೊಬ್ಬರಿಂದ ಸುತ್ತಿಸಿಕೊಂಡು ಬರುತ್ತೇನೆ. ಉಳಿದದ್ದು ತಂತಿ ಬೆಸೆಯುವ ಕೆಲಸ ಮತ್ತು ಹಣೆಬರಹ. ಸಂಬಂಧಿಕರಿಗೆ, ಗೆಳೆಯರಿಗೆ, ಗೆಳೆಯರ ಭಾವಂದಿರಿಗೆ ಎಷ್ಟು ಕಟ್ಟಿಕೊಟ್ಟೆನೋ ಲೆಕ್ಕವಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಟಿವಿಗೆ ಅದರದೇ ಬಡಕಲು ದನಿ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಅವಕಾಶ ಸಿಕ್ಕಾಗಲೆಲ್ಲ ಚುಚ್ಚುತ್ತಿದ್ದಳು.

ಮನೆಗೊಂದು ಕಟ್ಟಬೇಕು ಎಂದು ನನಗೆ ಅನ್ನಿಸಿದ್ದು ಅಮ್ಮನಿಂದಾಗಿ.

ಅಮ್ಮ ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತು, ಬಸ್ಸಿನಲ್ಲಿ ವಂಡ್ಸೆಯವರೆಗೂ ಹೋಗಿ, ಮನೆಮನೆಗೆ ಮಾರಿದವಳು. ಅವಳು ಗೇಟಿನ ಹೊರಗೆ ನಿಂತು ಕೂಗಿದರೆ ಹಿತ್ತಲಿನಲ್ಲಿ ಮಲಗಿದ್ದ ಬೆಕ್ಕು ಎದ್ದು ಬರುತ್ತಿತ್ತಂತೆ. ಅಂಥವಳಿಗೆ ಎರಡು ವರ್ಷದಿಂದ ಕಿವಿ ಮಂದವಾಗಿತ್ತು. ಎಡಗಿವಿ ಹೆಚ್ಚು ಮಂದ, ಬಲಗಿವಿ ಸ್ವಲ್ಪ ವಾಸಿ. ಕೇಳುವುದಿಲ್ಲ ಎಂದು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನಾವು ಏನಂದರೂ "ಹ್ಞಾಂ, ಹೌದ್" ಎಂದು ತಲೆಯಾಡಿಸುತ್ತಿದ್ದಳು. ನಾವು ನಕ್ಕಾಗ ಒಂದು ಕ್ಷಣ ತಡವಾಗಿ ತಾನೂ ನಗುತ್ತಿದ್ದಳು. ಆಮೇಲೆ ಅದೂ ಸಾಕಾಯಿತೇನೋ, ಸಂಜೆ ಧಾರಾವಾಹಿ ಶುರುವಾಗುತ್ತಿದ್ದಂತೆ ಎದ್ದು ಹಿಂದಿನ ಜಗಲಿಗೆ ಹೋಗಿ ಒಬ್ಬಳೇ ಕೂರತೊಡಗಿದಳು. ಒಂದೇ ಮನೆಯಲ್ಲಿದ್ದುಕೊಂಡೇ ಅಮ್ಮ ನಮ್ಮಿಂದ ದೂರ ಹೋಗುತ್ತಿದ್ದಾಳೆ ಅನ್ನಿಸಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕುಂದಾಪುರದಲ್ಲಿ ಕಿವಿಯ ಡಾಕ್ಟರಿಗೆ ತೋರಿಸೋಣ ಎಂದರೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮೀನು ಮಾರ್ಕೆಟ್ಟಿನ ಅವಳ ಗೆಳತಿಯೊಬ್ಬಳು ಕಿವಿಗೆ ಮಿಷನ್ ಹಾಕಿಸಿಕೊಂಡಿದ್ದಳು.

"ಅದ್ರೊಳ್ಗೆ ಪಾತ್ರೆ ಬಿದ್ದಂಗ್ ಕೇಂತ್ ಅಂಬ್ರ್. ಅದ್ ಈಗ ಡಬ್ಬಿಯೊಳ್ಗೆ ಇತ್. ನಂಗ್ ಬ್ಯಾಡ," ಎಂದು ಮಾತು ಮುಗಿಸಿದಳು.

ಸರಿ, ಡಾಕ್ಟರ್ ಬೇಡವಾದರೆ ನಾನಿದ್ದೇನಲ್ಲ! ಹಾಗೆ ಯೋಚಿಸಿದ್ದು ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ಭಾರೀ ಹುರುಪು. ಆರು ದಾರಿಯ 5.1 ಕಟ್ಟಲು ಕೂತೆ. ಟಿವಿಯ ಎರಡು ಬದಿಗೆ ಎರಡು ಸ್ಪೀಕರ್, ಮಾತು ಬರುವುದಕ್ಕೆಂದೇ ನಡುವೆ ಒಂದು, ಬೆನ್ನ ಹಿಂದೆ ಎರಡು, ಗುದ್ದಲಿಕ್ಕೆ ಸಬ್‌ವೂಫರ್. ಎಲ್ಲ ಜೋಡಿಸಿ ಸ್ವಿಚ್ ಒತ್ತಿದರೆ ಹಾಡಿಗೆ ಮೊದಲೇ "ಗುಂಯ್" ಎಂಬ ಸದ್ದು. ಬೋರ್ಡ್ ಬದಲಾಯಿಸಿದೆ, ತಂತಿ ಬದಲಾಯಿಸಿದೆ, ಕಳಿಸಿದವನಿಗೆ ಫೋನಿನಲ್ಲಿ ಬೈದೆ. ಕೊನೆಗೆ ಬ್ರಹ್ಮಾವರದ ಹಿರಿಯರ ಹತ್ತಿರ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಒಳಗೆ ಒಮ್ಮೆ ಇಣುಕಿದರು.

"ಹ್ವಾಯ್, ಅರ್ತಿಂಗಿನ ತಂತಿ ಎಲ್ಲ ಒಂದೇ ಕಡಿ ತಂದ್ ಸೇರ್ಸಿ. ಹೀಂಗೆ ಹತ್ತ್ ಬದಿಗ್ ಕಟ್ಟಿರೆ ಅದ್ ಗುಂಯ್ ಅನ್ದೆ ಇನ್ನೆಂತ ಮಾಡತ್?"

ಹಾಗೇ ಮಾಡಿದೆ. ಸದ್ದು ನಿಂತಿತು. ಬೋರ್ಡ್ ಕಳಿಸಿದವನಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳುವಷ್ಟು ದೊಡ್ಡತನ ಮಾತ್ರ ನನಗೆ ಬರಲಿಲ್ಲ.

ಸೋಫಾದ ನಡುವೆ ಕೂತು, ಮೊಬೈಲಿನ ವಿಡಿಯೋದಲ್ಲಿ ತೋರಿಸಿದಂತೆ ಒಂದೊಂದೇ ಸ್ಪೀಕರಿನ ದನಿ ಹೊಂದಿಸಿದೆ. ಬೋರ್ಡಿನ ಮೇಲೆ ಪುಟ್ಟ ನೀಲಿ ತಿರುಪುಗಳಿರುತ್ತವೆ. ಸ್ಕ್ರೂಡ್ರೈವರ್ ತುದಿಯಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಎರಡು ದಿನ ಅದೇ ಕೆಲಸ. ಮೂರನೆಯ ದಿನ ಸಂಜೆ ಅಮ್ಮನನ್ನು ಕರೆದೆ. ಅವಳು ಬಂದು ಎಂದಿನಂತೆ ಅಡುಗೆಕೋಣೆಯ ಬಾಗಿಲ ದಾರಂದಕ್ಕೆ ಒರಗಿ, ನೆಲದ ಮೇಲೆ ಕಾಲು ಚಾಚಿ ಕೂತಳು. ಧಾರಾವಾಹಿ ಶುರುವಾಯಿತು. ಗುಡುಗು, ಮಳೆ, ಅತ್ತೆಯ ಸಿಟ್ಟು, ಎಲ್ಲಕ್ಕೂ ಗಾಜು ನಡುಗಿತು. ಅಮ್ಮ ಟಿವಿಯನ್ನಲ್ಲ, ನಮ್ಮ ಮುಖಗಳನ್ನು ನೋಡುತ್ತಿದ್ದಳು.

"ಒಂಚೂರ್ ಜಾಸ್ತಿ ಮಾಡಿ ಕಾಂಬ," ಎಂದಳು ಹೆಂಡತಿ. ಮಾಡಿದೆ. ಇನ್ನೂ ಮಾಡಿದೆ.

ಅಮ್ಮ ಎದ್ದು ನಿಂತಳು. "ಬೊಬ್ಬಿ ಎಂತಕ್ ಹಾಕ್ತ್ರ್? ಸಮಾ ಮಾತಾಡೂಕ್ ಬತ್ತಿಲ್ಯಾ ಇವ್ರಿಗೆ?" ಎಂದವಳೇ ಹಿಂದಿನ ಜಗಲಿಗೆ ಹೋಗಿಬಿಟ್ಟಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಟನಟಿಯರನ್ನು ಬೈದೆ, ಚಾನೆಲ್ಲನ್ನು ಬೈದೆ, ಅಮ್ಮನಿಗೆ ಎಷ್ಟು ಮಾಡಿದರೂ ಅಷ್ಟೇ ಎಂದೂ ಗೊಣಗಿದೆ. "ಕುಣಿಯಲಾರದವಳಿಗೆ ನೆಲ ಡೊಂಕಂತೆ" ಎಂದು ಹೆಂಡತಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಲೇ ಅಂದಳು. ಒಂದು ವಾರ ಆ ಪೆಟ್ಟಿಗೆಯ ಸುದ್ದಿಗೇ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಪೆಟ್ಟಿಗೆಯ ಮುಚ್ಚಳ ಬಿಗಿಯುತ್ತಿದ್ದೆ. ಧಾರಾವಾಹಿಯ ಮರುಪ್ರಸಾರ ತನ್ನಷ್ಟಕ್ಕೆ ನಡೆಯುತ್ತಿತ್ತು. ಕೈಯಿಂದ ಜಾರಿದ ಸ್ಕ್ರೂ ಒಂದು ಉರುಳುತ್ತ ಸೋಫಾದ ಹಿಂದೆ ಹೋಯಿತು. ಅದನ್ನು ಹುಡುಕುತ್ತ ಅಡುಗೆಕೋಣೆಯ ಬಾಗಿಲ ತನಕ ಅಂಬೆಗಾಲಿಟ್ಟೆ. ಸೊಂಟ ಹಿಡಿದುಕೊಂಡಿತು. ಸ್ವಲ್ಪ ಸುಧಾರಿಸಿಕೊಳ್ಳೋಣ ಎಂದು ಅಲ್ಲೇ ದಾರಂದಕ್ಕೆ ಒರಗಿ ಕೂತೆ.

ಆಗ ಗೊತ್ತಾಯಿತು. ಮಾತೇ ಇಲ್ಲ! ನೆಲದ ಮೂಲಕ ಸಬ್‌ವೂಫರಿನ ದಬದಬ ಮಾತ್ರ ಬೆನ್ನಿಗೆ ಬಡಿಯುತ್ತಿತ್ತು. ನಡುವಿನ ಸ್ಪೀಕರನ್ನು ನಾನು ಟಿವಿಯ ಮೇಲಿನ ಹಲಗೆಯಲ್ಲಿಟ್ಟು ಸೋಫಾದವರ ಕಿವಿಗೆ ಗುರಿಹಿಡಿದಿದ್ದೆ. ಅದರ ದನಿ ಸೋಫಾದ ಎತ್ತರದ ಬೆನ್ನು ದಾಟಿ ಈ ಮೂಲೆಗೆ ಇಳಿಯುತ್ತಲೇ ಇರಲಿಲ್ಲ. ಸಾಲದ್ದಕ್ಕೆ, ಇಲ್ಲಿ ಕೂತವರ ಎಡಗಿವಿ ಟಿವಿಯ ಕಡೆಗೆ, ಬಲಗಿವಿ ಅಡುಗೆಕೋಣೆಯ ಕಡೆಗೆ. ಅಮ್ಮನಿಗೆ ಕುಕ್ಕರಿನ ಸೀಟಿ ಮಾತ್ರ ಚೆನ್ನಾಗಿ ಕೇಳುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನಾಚಿಕೆಯಾಯಿತು.

ಅಮ್ಮ ಸೋಫಾದ ಮೇಲೆ ಕೂತದ್ದನ್ನು ನಾನು ನೋಡಿಯೇ ಇಲ್ಲ. ಅದು ಬಂದವರಿಗೆ. ಜೀವಮಾನವೆಲ್ಲ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತು ಮೀನು ಕೊಯ್ದುಕೊಟ್ಟವಳಿಗೆ ಕಾಲು ಜೋತುಬಿಟ್ಟು ಕೂತರೆ ಸಮಾಧಾನವಿಲ್ಲ. ನಮ್ಮ ಓಣಿಯ ಅವಳ ಪ್ರಾಯದ ಹೆಂಗಸರೆಲ್ಲ ಹೀಗೇ ದಾರಂದದ ಬುಡದಲ್ಲಿ ಕೂರುವವರು. ಇದೆಲ್ಲ ಕಣ್ಣೆದುರೇ ಇದ್ದರೂ, ಯಾರಿಗಾಗಿ ಕಟ್ಟಿದೆನೋ ಅವಳು ಕೂರದ ಜಾಗದಲ್ಲಿ ಎರಡು ದಿನ ಕೂತು ತಿರುಪು ತಿರುಗಿಸಿದ ಮಹಾಶಯ ನಾನು.

ಹಿಂಬದಿಯ ಬಲ ಸ್ಪೀಕರನ್ನು ಗೋಡೆಯಿಂದ ಬಿಚ್ಚಿದೆ. ಅದನ್ನು ನಡೆಸುವ ಬೋರ್ಡಿಗೆ ಹಿಂದಿನ ಸದ್ದನ್ನು ತಪ್ಪಿಸಿ, ನಡುವಿನ ದಾರಿಯ ಮಾತನ್ನೇ ತಂದು ಕೊಟ್ಟೆ. ದಪ್ಪ ದನಿ ಒಳಗೆ ಬಾರದಂತೆ ಒಂದು ಸಣ್ಣ ಕೆಪಾಸಿಟರ್ ಬೆಸೆದೆ. ಸ್ಪೀಕರನ್ನು ಒಂದು ಮಣೆಯ ಮೇಲಿಟ್ಟು, ಅಮ್ಮನ ಬಲಗಿವಿಗೆ ಎರಡು ಮೊಳ ದೂರದಲ್ಲಿ, ಬಾಗಿಲ ಒಳಬದಿಗೆ ಕೂರಿಸಿದೆ. ಸಬ್‌ವೂಫರಿನ ದನಿಯನ್ನು ಸುಮಾರು ಮುಕ್ಕಾಲು ಪಾಲು ಇಳಿಸಿದೆ. ಇಳಿಸುವಾಗ ಶೋಕೇಸಿನ ಗಾಜಿನ ಕಡೆ ಒಮ್ಮೆ ನೋಡಿದ್ದು ಸುಳ್ಳಲ್ಲ.

ಅಮ್ಮನನ್ನು ಅವಳ ಜಾಗದಲ್ಲೇ ಕೂರಿಸಿ, ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಹತ್ತಿರ ಕೂತೆ. "ಎಲ್ಲಿ ಸಮಾ ಆತ್ತೋ ಅಲ್ಲಿ ಕೈ ಎತ್ತ್," ಎಂದು ಸನ್ನೆ ಮಾಡಿ ತೋರಿಸಿದೆ. ಒಂದು ಎಳೆ ತಿರುಗಿಸಿದೆ. ಸುಮ್ಮನಿದ್ದಳು. ಇನ್ನೊಂದು ಎಳೆ. ಹುಬ್ಬು ಗಂಟಿಕ್ಕಿದಳು. ಸ್ವಲ್ಪ ಹಿಂದಕ್ಕೆ ತಂದೆ. ಕೈ ಮೇಲೆದ್ದಿತು.

"ಸಾಕ್. ಇನ್ ಮುಟ್ಟಬ್ಯಾಡ."

ಅಷ್ಟೇನೂ ಜೋರಿರಲಿಲ್ಲ ಆ ದನಿ. ನಾವು ಅವಳೊಡನೆ ಮಾತಾಡುತ್ತಿದ್ದ ದನಿಗಿಂತ ಎಷ್ಟೋ ಮೆಲ್ಲಗಿತ್ತು. ಅಮ್ಮ ಆ ದಿನ ಕೊನೆಯವರೆಗೂ ಕೂತಳು. ನಡುವೆ ಹೆಂಡತಿ ನನ್ನೊಡನೆ ಹಾಲಿನ ವಿಷಯ ಏನೋ ಮಾತಾಡಲು ಹೋದಾಗ, "ಹ್ವಾಯ್, ಸುಮ್ನಿರಿ, ನಂಗ್ ಕೇಂತಿಲ್ಲ!" ಎಂದು ಗದರಿದಳು. ಹೆಂಡತಿ ಬೈಸಿಕೊಂಡು ಅಷ್ಟು ಖುಷಿಪಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮರುದಿನದಿಂದ ಧಾರಾವಾಹಿಯ ಅತ್ತೆಗೆ ಅಮ್ಮನ ಬೈಗುಳ ತಪ್ಪಲಿಲ್ಲ. ಮನೆಗೆ ಬಂದ ಗೆಳೆಯರು ಮಾತ್ರ ಬೇಸ್ ಇಲ್ಲದ ನನ್ನ ಪೆಟ್ಟಿಗೆಯನ್ನು ನೋಡಿ, "ಎಂತ ಮಾರಾಯ, ಹಾಳಾಯ್ತಾ?" ಎಂದು ಕನಿಕರಪಡುತ್ತಿದ್ದರು.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ನಾನು ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಅಮ್ಮ ಕಿವಿ ಮುಟ್ಟಿಕೊಳ್ಳುತ್ತ ಹೊರಗೆ ಬಂದಳು.

"ಮಗಾ, ಆ ಕೆಮಿ ಮಿಷನ್ನನ್ನೂ ಹೀಂಗೇ ಕಮ್ಮಿ-ಜಾಸ್ತಿ ಮಾಡೂಕ್ ಆತ್ತಾ?"

"ಆತ್ತ್ ಅಮ್ಮ. ಒಬ್ಬೊಬ್ರ ಕೆಮಿಗ್ ಬೇಕಾದಂಗ್ ಮಾಡಿ ಕೊಡ್ತ್ರ್," ಎಂದು ಅವಳ ಬಲಗಿವಿಯ ಹತ್ತಿರ ಬಾಗಿ ಹೇಳಿದೆ.

ಅಮ್ಮನಿಗೆ ಮಾರ್ಕೆಟ್ಟಿನ ಗೆಳತಿಯ ನೆನಪಾಯಿತು. "ಹಾಂಗಾರೆ ಆ ಹೆಂಗ್ಸಿನದ್ದ್ ಯಾರೂ ಸಮಾ ಮಾಡಿ ಕೊಡ್ಲಿಲ್ಲ ಕಾಂತ್," ಎಂದಳು. ಆಮೇಲೆ, "ಕುಂದಾಪ್ರಕ್ ಯಾವತ್ ಹೋಪ?" ಎಂದು ಕೇಳಿದಳು.

ಅಂಗಡಿ ಒಂದು ದಿನ ಮುಚ್ಚಿದರೆ ಬೈಂದೂರೇನೂ ಮುಳುಗುವುದಿಲ್ಲ ಎಂದುಕೊಂಡು, ಈಗಲೇ ಹೊರಡೋಣ ಎಂದೆ. ಅವಳು ಹೊಸ ಸೀರೆ ಉಟ್ಟು ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ನನ್ನ ಕಡೆ ತಿರುಗಿ, ಮೆಲ್ಲಗೆ, ಆದರೆ ಖಡಾಖಂಡಿತವಾಗಿ ಹೇಳಿದಳು:

"ನೀನ್ ಅಲ್ಲ್ ಬಾಯಿ ಹಾಕೂಕಾಗ. ಎಷ್ಟ್ ಬೇಕ್ ಅಂತ ನಾನೇ ಹೇಳ್ತೆ."