ಫಾರಂನಲ್ಲಿ ನಾನು ಬರೆಸಿದ ಭಾಷೆ

ಯಜಮಾನರಿಗೆ ಲಕ್ವ ಹೊಡೆದಾಗ ಬಲಗೈಯೂ ಬಿತ್ತು, ಮಾತೂ ಬಿತ್ತು. ಕೈ ಒಂದು ವರ್ಷದಲ್ಲಿ ಅಷ್ಟಿಷ್ಟು ಎದ್ದಿತು, ತಟ್ಟೆ ಹಿಡಿಯುವಷ್ಟು. ಮಾತು ಏಳಲಿಲ್ಲ. ಎಲ್ಲ ತಿಳಿಯುತ್ತಿತ್ತು. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳುತ್ತಿದ್ದರು. ಹೇಳಲು ಮಾತ್ರ ಆಗುತ್ತಿರಲಿಲ್ಲ.

ಮಧುಗಿರಿಯಲ್ಲಿ ಒಂದು ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಗುರುವಾರಕ್ಕೊಮ್ಮೆ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಮಿದುಳಿಗೆ ಏಟಾಗಿ ಮಾತು ಹೋದವರಿಗೆ ಮಾತು ಹೇಳಿಕೊಡುವುದು ಅವಳ ಕೆಲಸ. ಸೋಮವಾರ ಶಿರಾ, ಮಂಗಳವಾರ ಕೊರಟಗೆರೆ, ಬುಧವಾರ ಪಾವಗಡ, ಗುರುವಾರ ನಾವು. ಎಲ್ಲರೂ ಮಾತಿನ ಮೇಡಂ ಎನ್ನುತ್ತಿದ್ದರು. ನಮ್ಮೂರು ಮಿಡಿಗೇಶಿಯಲ್ಲಿ ಬೆಳಗಿನ ಬಸ್ಸಿಗೆ ಇವರನ್ನು ಹತ್ತಿಸಿಕೊಂಡು ನಾನು ಹೋಗುತ್ತಿದ್ದೆ.

ಮೊದಲ ದಿನ ಅವಳು ಫಾರಂ ತುಂಬಿದಳು. ಊರು, ವಯಸ್ಸು, ಕಸುಬು ಎಲ್ಲ ಆದ ಮೇಲೆ, "ತಾತ ಮನೇಲಿ ಯಾವ ಭಾಷೆ ಮಾತಾಡ್ತಿದ್ರು ಅಜ್ಜಿ?" ಎಂದಳು.

"ಕನ್ನಡ," ಎಂದೆ.

"ಅದೊಂದೇನಾ?"

"ಒಂದೇ. ಇನ್ನೆಷ್ಟು ಬೇಕು?"

ಅದು ಸುಳ್ಳು. ನಾನು ತೋವಿನಕೆರೆ ಕಡೆಯವಳು, ಮದುವೆಯಾಗಿ ಬಂದಾಗ ಕನ್ನಡ ಒಂದೇ ಗೊತ್ತಿತ್ತು. ಅತ್ತೆ ಪಾವಗಡದ ಆಚೆಯ ಹಳ್ಳಿಯವಳು, ಅವಳ ಬಾಯಲ್ಲಿ ಬರುತ್ತಿದ್ದುದು ತೆಲುಗು. ತಾಯಿ ಮಗ ನನ್ನ ಎದುರಿಗೇ ಕೂತು ನನ್ನ ಅಡುಗೆ, ನನ್ನ ತವರು, ನನ್ನ ನಡಿಗೆ ಎಲ್ಲವನ್ನೂ ತೆಲುಗಿನಲ್ಲಿ ಆಡಿಕೊಂಡು ನಗುತ್ತಿದ್ದರು. ಎರಡು ವರ್ಷ ತುಂಬುವುದರೊಳಗೆ ನನಗೆ ಅದೆಲ್ಲ ಅರ್ಥವಾಗುತ್ತಿತ್ತು. ಅರ್ಥವಾಗುತ್ತದೆಂದು ತೋರಿಸಲಿಲ್ಲ. ಅತ್ತೆಯ ತಿಥಿ ಮುಗಿದ ಮಾರನೆಯ ದಿನ ಯಜಮಾನರಿಗೆ ಹೇಳಿದೆ, "ಇನ್ಮೇಲೆ ಈ ಮನೇಲಿ ಆ ಭಾಷೆ ಕೇಳ್ಸಿದ್ರೆ ನಾನು ಒಲೆ ಹಚ್ಚಾಕಿಲ್ಲ." ಅವರು ಬಿಟ್ಟರು. ಅಷ್ಟು ಕಷ್ಟಪಟ್ಟು ಆಚೆ ಹಾಕಿದ್ದನ್ನು ಒಂದು ಫಾರಂಗೋಸ್ಕರ ಒಳಕ್ಕೆ ಕರೆಯಲು ನನಗೆ ಮನಸ್ಸಿರಲಿಲ್ಲ.

ಮೇಡಂ ಚಿತ್ರದ ಕಾರ್ಡು ತೋರಿಸುತ್ತಿದ್ದಳು. ಪೊರಕೆ, ಬಾಚಣಿಗೆ, ನಾಯಿ, ಬೀಗ, ಹೀಗೆ. ಮನೆಯಲ್ಲಿ ಮಾಡಿಸಿ ಎಂದು ಒಂದು ಕಟ್ಟು ನನಗೂ ಕೊಟ್ಟಿದ್ದಳು. ಹಸುವಿಗೆ ಹುಲ್ಲು ಹಾಕಿ ಬಂದು ದಿನವೂ ಕೂರಿಸುತ್ತಿದ್ದೆ. ಪೊರಕೆ ಚಿತ್ರ ಹಿಡಿದರೆ ಇವರು "ಚೀ... ಚೀ..." ಎನ್ನುತ್ತಿದ್ದರು. ಬರುತ್ತಿರುವುದು ಅತ್ತೆಯ ತೆಲುಗು ಎಂದು ನನಗೆ ಗೊತ್ತಾಗುತ್ತಿತ್ತು. ಮೊಣಕಾಲಿನ ಮೇಲೆ ಬಡಿದು, "ಪೊರಕೆ ಅನ್ನಿ, ಪೊರಕೆ," ಎನ್ನುತ್ತಿದ್ದೆ. ಅವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹೀಗೆ ಏಳೆಂಟು ತಿಂಗಳು ನಡೆಯಿತು.

ಒಂದು ಗುರುವಾರ ಮೇಡಂ ಮುಖ ಬಾಡಿತ್ತು. ಏನಮ್ಮ ಎಂದೆ.

"ನಾವೂ ಓದ್ತಾನೇ ಇರ್ಬೇಕು ಅಜ್ಜಿ. ಇಷ್ಟು ವರ್ಷಕ್ಕೆ ಇಷ್ಟು ಗಂಟೆ ಅಂತ ತರಗತಿಗೆ ಕೂರ್ಬೇಕು. ಕೊನೇಲಿ ಒಬ್ಬ ರೋಗಿನ ದೊಡ್ಡವರ ಮುಂದೆ ತೋರಿಸಿ, ಹೆಂಗೆ ನಡೆಸ್ತಿದೀನಿ ಅಂತ ಒಪ್ಪಿಸ್ಬೇಕು. ಈ ತಿಂಗಳ ಕೊನೇಗೆ ಆಗ್ಲಿಲ್ಲ ಅಂದ್ರೆ ನನ್ನ ನೋಂದಣಿ ನಿಂತೋಗುತ್ತೆ."

"ನಿಂತ್ರೆ?"

"ಕೆಲಸ ಮಾಡೋ ಹಾಗಿಲ್ಲ. ಇಲ್ಲೂ ಇಲ್ಲ, ಶಿರಾದಲ್ಲೂ ಇಲ್ಲ."

"ತಲೆ ನೆರೀತಾ ಬಂತು, ನಿಂಗಿನ್ನೂ ಪರೀಕ್ಷೆನಾ? ನಮ್ಮೂರ ಸೂಲಗಿತ್ತಿ ಯಾವ ಪರೀಕ್ಷೆ ಬರೆದಿದ್ಲು?"

"ಅವಳ ಕೈಲಿ ಎಷ್ಟು ಕೂಸು ಹೋದ್ವು ಅಂತ ಯಾರಾದ್ರೂ ಎಣಿಸಿದ್ರಾ ಅಜ್ಜಿ?"

ನನ್ನ ಎರಡನೆಯ ಕೂಸು ಆ ಸೂಲಗಿತ್ತಿಯ ಕೈಯಲ್ಲೇ ಹೋಗಿತ್ತು.

ಮೇಡಂ ಆರಿಸಿದ್ದು ಇವರನ್ನೇ. ಅಷ್ಟು ತಿಂಗಳಿಂದ ಬಿಡದೆ ಬರುತ್ತಿದ್ದ ಉಳಿದವರಲ್ಲಿ ಇಬ್ಬರು ಊರಲ್ಲಿರಲಿಲ್ಲ, ಒಬ್ಬರು ತೀರಿಕೊಂಡಿದ್ದರು. ಆಗಲಿ ಎಂದೆ. ಆಮೇಲೆ ಲೆಕ್ಕ ಹಾಕಿದೆ. ಅವಳು ಹೋದರೆ ನಾಲ್ಕು ತಾಲ್ಲೂಕಿಗೆ ಇನ್ನೊಬ್ಬರಿಲ್ಲ. ಇವರು ಮೂಕರಾಗಿಯೇ ಸಾಯಬೇಕು. ಆ ವಾರ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕಾರ್ಡು ಹಿಡಿದೆ. ತೆಲುಗಿಗೆ ಬಾಯಿ ತೆರೆದಾಗಲೆಲ್ಲ ಮೊಣಕಾಲಿಗೆ ಬಡಿದೆ.

ಒಪ್ಪಿಸುವ ದಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಅದರೊಳಗೆ ಇಬ್ಬರು, ಒಬ್ಬ ಕನ್ನಡಕದ ಹೆಂಗಸು, ಒಬ್ಬ ಬೋಳುತಲೆಯ ಗಂಡಸು. ನನ್ನನ್ನು ಗೋಡೆ ಪಕ್ಕ ಕೂರಿಸಿ ಬಾಯಿ ಬಿಡಬಾರದು ಎಂದಿದ್ದಳು ಮೇಡಂ. ಮೊದಲ ಕಾರ್ಡು ಪೊರಕೆ. ಇವರು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು. ತುಟಿ "ಚೀ" ಎಂದು ಮುಂದೆ ಬಂತು, ನನ್ನ ಕಣ್ಣು ಕಂಡು ಹಿಂದೆ ಹೋಯಿತು. ಎರಡನೆಯದು ಬಾಚಣಿಗೆ. ಮತ್ತೆ ನನ್ನ ಕಡೆ ನೋಡಿದರು. ಐದು ಕಾರ್ಡು ಹಾಗೇ ಹೋದವು.

ಕನ್ನಡಕದ ಹೆಂಗಸು ಕೇಳಿದಳು, "ಮಿಡಿಗೇಶಿ ಕಡೆಯವರು ಅಂದ್ರಿ. ಅಲ್ಲಿ ಎಷ್ಟೋ ಮನೇಲಿ ತೆಲುಗು ಇದೆ. ವಿಚಾರಿಸಿದ್ದೀರಾ?"

"ಕನ್ನಡ ಒಂದೇ ಮೇಡಂ. ಫಾರಂನಲ್ಲಿದೆ."

"ಯಾರು ಹೇಳಿದ್ದು?"

ಮೇಡಂ ತಿರುಗಿ ನನ್ನ ಕಡೆ ನೋಡಿದಳು. ನನಗೆ ಎರಡೂ ಕಡೆ ಕಂಡಿತು. ಬಾಯಿ ಬಿಟ್ಟರೆ ಇವಳು ಎಂಟು ತಿಂಗಳು ತಪ್ಪು ದಾರಿಯಲ್ಲಿ ನಡೆಸಿದಳು ಎಂದಾಗುತ್ತದೆ, ಅವಳ ಕೆಲಸ ಹೋಗುತ್ತದೆ. ಬಿಡದಿದ್ದರೆ ಈ ಮುದುಕನಿಗೆ ಮಾತು ಬರುವ ಹಾಗಿಲ್ಲ ಎಂದು ಬರೆದು ಫಾರಂ ಮುಚ್ಚುತ್ತಾರೆ.

"ನಾನೇ ಹೇಳಿದ್ದು," ಎಂದೆ. "ಸುಳ್ಳು ಹೇಳ್ಬುಟ್ಟೆ. ಇವರವ್ವನ ಮಾತು ತೆಲುಗು. ನಾನೇ ಬಿಡಿಸಿದ್ದು. ಮನೇಲಿ ಬಾಯಿಗೆ ಬಂದಾಗಲೂ ಬಡಿದು ಬಾಯಿ ಮುಚ್ಚಿಸ್ತಿದ್ದೆ. ಈ ಹುಡುಗೀದು ತಪ್ಪಿಲ್ಲ."

"ಅವರದ್ದೂ ತಪ್ಪಿದೆ," ಎಂದು ಬೋಳುತಲೆಯವನು ಮೇಡಂ ಕಡೆ ತಿರುಗಿದ. "ಪಾವಗಡದಲ್ಲಿ ತೆಲುಗು ಇದೆಯಾ ಅಂತ ಎಲ್ಲರನ್ನೂ ಕೇಳ್ತೀರಲ್ವಾ? ಮಧುಗಿರೀಲಿ ಹೆಂಡ್ತಿ ಮಾತು ಕೇಳಿ ಬರ್ಕೊಂಡ್ರಿ. ರೋಗಿನ ಕೇಳ್ಲಿಲ್ಲ."

ಮೇಡಂ ಹೂಂ ಎಂದಳು. ವಾದ ಮಾಡಲಿಲ್ಲ. ಕುರ್ಚಿ ಎಳೆದು ನನಗೂ ಇವರಿಗೂ ನಡುವೆ, ಇವರಿಗೆ ನಾನು ಕಾಣದ ಹಾಗೆ ಕೂತು, ಪೊರಕೆ ಕಾರ್ಡನ್ನು ಮತ್ತೆ ಹಿಡಿದಳು. "ತಾತ, ಯಾವ ಭಾಷೆಯಾದ್ರೂ ಸರಿ."

"ಚೀ... ಚೀಪುರು," ಎಂದರು. ಪೊರಕೆಗೆ ತೆಲುಗಿನಲ್ಲಿ ಅದೇ ಮಾತು. ಬಾಚಣಿಗೆಗೆ ಏನೂ ಬರಲಿಲ್ಲ. ನಾಯಿಗೆ "ಕುಕ್ಕ" ಎಂದರು. ಹತ್ತರಲ್ಲಿ ಮೂರು, ಅಷ್ಟೇ. ಆ ಧ್ವನಿ ಅತ್ತೆಯ ಮಗನದಾಗಿತ್ತು. ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ.

ದೊಡ್ಡವರು ಆ ದಿನ ಒಪ್ಪಲಿಲ್ಲ. ಎರಡು ಭಾಷೆಯವರಿಗೆ ಹೇಗೆ ನಡೆಸಬೇಕೆಂಬ ಇನ್ನೊಂದು ತರಗತಿಗೆ ಕೂತು, ತಿಂಗಳು ಮುಗಿಯುವುದರೊಳಗೆ ಇದೇ ರೋಗಿಯನ್ನು ಮತ್ತೆ ತೋರಿಸಿ ಎಂದರು. ಉಳಿದಿದ್ದು ಹನ್ನೊಂದು ದಿನ. ಲ್ಯಾಪ್‌ಟಾಪ್ ಮುಚ್ಚಿ ಮೇಡಂ ನನ್ನ ಕಡೆ ತಿರುಗಿದಳು.

"ಎಂಟು ತಿಂಗಳು ಅಜ್ಜಿ."

"ನೀನು ನನ್ನ ಕೇಳ್ದೆ, ನಾನು ನಂದು ಹೇಳ್ದೆ," ಎಂದೆ. ಅವಳು ನಗಲಿಲ್ಲ.

ಅವಳು ತರಗತಿಗೆ ಕೂತಳು. ತಿಂಗಳ ಕೊನೆಗೆ ಎರಡು ದಿನ ಇರುವಾಗ ಮತ್ತೆ ಕರೆದಳು. ಬಾಗಿಲಲ್ಲೇ ನನ್ನನ್ನು ತಡೆದು, "ನೀವು ಆಚೆ ಬೆಂಚಲ್ಲಿ ಕೂತಿರಿ," ಎಂದು ಇವರೊಬ್ಬರನ್ನೇ ಒಳಗೆ ಕರೆದುಕೊಂಡಳು. ಅರ್ಧ ಗಂಟೆ ಕೂತೆ. ಬಾಗಿಲ ಸಂದಿಯಲ್ಲಿ ಒಂದೊಂದೇ ತೆಲುಗು ಮಾತು ಬರುತ್ತಿತ್ತು, ನಡುವೆ ಒಂದು ಕನ್ನಡದ್ದು. ಎದ್ದು ಹೋಗಿ ತಿದ್ದಬೇಕೆಂದು ಎರಡು ಸಲ ಕಾಲು ಮುಂದಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಇದ್ದೆ.

ಅವಳ ನೋಂದಣಿ ಉಳಿಯಿತು. ಈಗಲೂ ಗುರುವಾರ ಹೋಗುತ್ತೇವೆ. ನನ್ನ ಜಾಗ ಆಚೆ ಬೆಂಚು.